ಪುರುಷರ ಪಂದ್ಯಾವಳಿಯಲ್ಲಿ ಆಡಬೇಕೆನ್ನುವ ಆಟಗಾರ್ತಿಗೆ: ಒಪ್ಪುವ ಮೊದಲು ಅಳೆಯಬೇಕಾದದ್ದು

ಹೆಸರು ಕೊಡಲು ನಾಲ್ಕು ದಿನ ಉಳಿದಿದ್ದಾಗ ನನ್ನ ಶಿಷ್ಯೆ ಮೊಬೈಲ್ ಹಿಡಿದುಕೊಂಡು ಪಟಿಂಗ್ ಗ್ರೀನ್‌ಗೆ, ಚೆಂಡನ್ನು ಕುಳಿಗೆ ಉರುಳಿಸಿ ಅಭ್ಯಾಸ ಮಾಡುವ ನುಣುಪು ಹುಲ್ಲಿನ ಅಂಗಳಕ್ಕೆ, ಬಂದಳು. ಪುರುಷರ ವೃತ್ತಿಪರ ಪಂದ್ಯಾವಳಿಯೊಂದರ ಅರ್ಹತಾ ಸುತ್ತಿಗೆ ಹೆಂಗಸರೂ ಅರ್ಜಿ ಹಾಕಬಹುದು ಎಂಬುದು ಅವಳಿಗೆ ಆಗಷ್ಟೇ ತಿಳಿದಿತ್ತು. "ಮೇಡಂ, ಹೋಗಲೇ?" ಎಂದಳು. ಗಾಲ್ಫ್ ಕಲಿಸುತ್ತ ನನಗೆ 22 ವರ್ಷವಾಗಿತ್ತು, ಆದರೂ ಆ ಎರಡು ಪದಗಳ ಪ್ರಶ್ನೆಗೆ ಉತ್ತರ ಹೇಳಲು ಎರಡು ದಿನ ಬೇಕಾಯಿತು. ಆ ಎರಡು ದಿನ ಏನು ಲೆಕ್ಕ ಹಾಕಿದೆ, ಆಮೇಲೆ ಅವಳ ಕ್ಯಾಡಿಯಾಗಿ ಚೀಲ ಹೊತ್ತು ಏನು ಕಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದೇ ಪ್ರಶ್ನೆ ನಿಮ್ಮ ಮುಂದೆಯೂ ಬಂದಿದ್ದರೆ ಇದು ನಿಮಗಾಗಿ.

ಮೊದಲು ಗಂಟು ಬಿಡಿಸಿಕೊಳ್ಳಿ. ಇಲ್ಲಿ ಎರಡು ಪ್ರಶ್ನೆಗಳು ಸಿಕ್ಕು ಬಿದ್ದಿವೆ. ಹೆಂಗಸರಿಗೆ ಪುರುಷರ ಪಂದ್ಯಾವಳಿಯಲ್ಲಿ ಆಡುವ ಅವಕಾಶ ಇರಬೇಕೇ ಎಂಬುದು ಒಂದು. ಈ ವಾರ, ಈ ಕೋರ್ಸಿನಲ್ಲಿ ನೀವು ಆಡಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಎರಡನೆಯದಕ್ಕೆ ಉತ್ತರ ಹೇಳುವುದು ಅಳತೆ. ಅಭಿಮಾನದಿಂದ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟುಕೊಂಡ ಆಟಗಾರ್ತಿಯರು ನೊಂದುಕೊಂಡದ್ದನ್ನು ಕಂಡಿದ್ದೇನೆ.

ಬಾಗಿಲು ಎಲ್ಲಿದೆ

ಅಮೆರಿಕದ ದೊಡ್ಡ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್ ಗಂಡಸರಿಗೆ ಮಾತ್ರ ಮೀಸಲು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹೆಂಗಸರನ್ನು ಹೊರಗಿಡುವ ನಿಯಮ ಅಲ್ಲಿಲ್ಲ. ಯುಎಸ್ ಓಪನ್‌ನ ಅರ್ಹತಾ ಸುತ್ತಿಗೆ ವೃತ್ತಿಪರ ಆಟಗಾರ್ತಿ ಹೆಸರು ಕೊಡಬಹುದು. 2006ರಲ್ಲಿ ಅಮೆರಿಕದ ಆಟಗಾರ್ತಿ ಮಿಷೆಲ್ ವೀ ಅದರ ಕೊನೆಯ ಹಂತದವರೆಗೂ ಹೋಗಿದ್ದರು. ಬ್ರಿಟನ್ನಿನ ಓಪನ್ ಚಾಂಪಿಯನ್‌ಷಿಪ್ 2005ರಲ್ಲಿ ತನ್ನ ನಿಯಮ ಬದಲಿಸಿ ಹೆಂಗಸರಿಗೂ ದಾರಿ ತೆರೆಯಿತು. ಕೆನಡಾದ ಇಸಬೆಲ್ ಬೈಸೀಗಲ್ 2011ರಲ್ಲಿ ಅಲ್ಲಿನ ಪುರುಷರ ಟೂರ್‌ನ ಅರ್ಹತಾ ಪರೀಕ್ಷೆ ಆಡಿ ಕಾರ್ಡ್, ಅಂದರೆ ಆ ಟೂರ್‌ನಲ್ಲಿ ಆಡುವ ಹಕ್ಕು, ಪಡೆದುಕೊಂಡರು. ಅದು ಯಾರೋ ಕರೆದು ಕೊಟ್ಟ ಜಾಗವಲ್ಲ, ಆಡಿ ಗೆದ್ದದ್ದು.

ಒಳಗೆ ಹೋಗುವ ದಾರಿಗಳು ಮೂರು. ಪ್ರಾಯೋಜಕರ ಆಹ್ವಾನ, ಪಂದ್ಯಾವಳಿಗೆ ಮುಂಚಿನ ಅರ್ಹತಾ ಸುತ್ತು, ಮತ್ತು ಕೆಳಹಂತದ ಪಂದ್ಯವೊಂದನ್ನು ಗೆದ್ದು ಅದರ ಜೊತೆಗೆ ಬರುವ ಸ್ಥಾನ. ಮೂರನೆಯ ದಾರಿಯಲ್ಲಿ ಬಂದವರು ಸೂಜಿ ವೇಲಿ. ಕನೆಕ್ಟಿಕಟ್ ವಿಭಾಗದ ಪಿಜಿಎ ಚಾಂಪಿಯನ್‌ಷಿಪ್ ಗೆದ್ದು 2003ರ ಗ್ರೇಟರ್ ಹಾರ್ಟ್‌ಫರ್ಡ್ ಓಪನ್‌ಗೆ ಅರ್ಹರಾದರು. ಆದರೆ ಆ ವಿಭಾಗದ ಪಂದ್ಯದಲ್ಲಿ ಅವರು ಆಡಿದ್ದು ಗಂಡಸರಿಗಿಂತ ಮುಂದಿನ ಟೀಗಳಿಂದ, ಅಂದರೆ ಮೊದಲ ಹೊಡೆತಕ್ಕೆ ಕುಳಿಗೆ ಇನ್ನಷ್ಟು ಹತ್ತಿರ ಇಟ್ಟ ಜಾಗಗಳಿಂದ. ಹಾರ್ಟ್‌ಫರ್ಡ್‌ನಲ್ಲಿ ಎಲ್ಲರ ಜೊತೆ ಹಿಂದಿನ ಟೀಗಳಿಂದ ಆಡಬೇಕಾಗಿ ಬಂತು. ಎರಡು ಸುತ್ತಿನಲ್ಲಿ 75 ಮತ್ತು 78 ಹೊಡೆದು (ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು) ಹೊರಬಿದ್ದರು. ಅದಾದ ಮೇಲೆ, ಟೂರ್‌ನ ಸ್ಥಾನ ಬೇಕೆನ್ನುವವರು ಒಂದೇ ಟೀಯಿಂದ ಆಡಬೇಕೆಂದು ನಿಯಮ ತಿದ್ದಿದರು. ನನಗೆ ಆ ತಿದ್ದುಪಡಿ ಸರಿ ಎನಿಸುತ್ತದೆ. ಯಾವ ಅಳತೆಯಲ್ಲಿ ಗೆದ್ದೆವೋ ಅದೇ ಅಳತೆಯಲ್ಲಿ ಮುಂದಿನ ಪರೀಕ್ಷೆಯೂ ಇರಬೇಕು. ಅದೇ ವೇಲಿ 2018ರಲ್ಲಿ ಅಮೆರಿಕದ ಪಿಜಿಎ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷರಾದರು.

ಆಹ್ವಾನ ಬಂದರೆ ಒಂದು ಆಕ್ಷೇಪ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ: "ಒಬ್ಬ ಗಂಡಸಿನ ಜಾಗ ಕಿತ್ತುಕೊಂಡಿರಿ." 2003ರಲ್ಲಿ ಪಿಜಿಎ ಟೂರ್‌ನ ಪಂದ್ಯಾವಳಿಗೆ ಆಹ್ವಾನ ಪಡೆದ ಸ್ವೀಡನ್ನಿನ ಆನಿಕಾ ಸೋರೆನ್‌ಸ್ಟಾಮ್ ಅವರಿಗೆ ಇದನ್ನೇ ಹೇಳಿದರು. ವಿಜಯ್ ಸಿಂಗ್ ಅಂಥ ದೊಡ್ಡ ಆಟಗಾರರೇ, ಆಕೆಗೆ ಇಲ್ಲಿ ಜಾಗವಿಲ್ಲ ಎಂಬರ್ಥದ ಮಾತಾಡಿದ್ದರು. ನಿಮ್ಮ ಉತ್ತರ ಸಿದ್ಧವಾಗಿರಲಿ. ಪ್ರಾಯೋಜಕರ ಕೈಯಲ್ಲಿರುವ ಸ್ಥಾನಗಳು ರ‍್ಯಾಂಕಿಂಗ್‌ನಿಂದ ಹಂಚುವ ಸ್ಥಾನಗಳಲ್ಲ. ನಿವೃತ್ತಿಯ ಅಂಚಿನ ಹಿರಿಯ ಚಾಂಪಿಯನ್ನರಿಗೆ, ಕಾಲೇಜು ಬಿಟ್ಟ ಹುಡುಗರಿಗೆ, ಊರಿನ ಆಟಗಾರನಿಗೆ ಅದನ್ನು ಕೊಡುತ್ತಲೇ ಬಂದಿದ್ದಾರೆ. ಅದು ಯಾರ ಹಕ್ಕೂ ಅಲ್ಲದ್ದರಿಂದ ಯಾರಿಂದಲೂ ಕಿತ್ತುಕೊಂಡಂತಾಗುವುದಿಲ್ಲ. ಆದರೂ ನಿಮಗೆ ಮನಸ್ಸು ಒಪ್ಪದಿದ್ದರೆ ಅರ್ಹತಾ ಸುತ್ತಿನ ದಾರಿ ಹಿಡಿಯಿರಿ, ಅಲ್ಲಿ ಈ ಮಾತು ಎತ್ತಲು ಯಾರಿಗೂ ಬಾಯಿಲ್ಲ. ನಾವು ಹಿಡಿದದ್ದು ಆ ದಾರಿ.

ಇನ್ನೊಂದು ಆಕ್ಷೇಪ, "ಹಾಗಾದರೆ ಗಂಡಸರೂ ಹೆಂಗಸರ ಪಂದ್ಯಾವಳಿಗೆ ಬರಲಿ" ಎಂಬುದು. ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್‌ನ ಎಲ್‌ಪಿಜಿಎ ಸಂಸ್ಥೆಯನ್ನು 1950ರಲ್ಲಿ 13 ಮಹಿಳೆಯರು ಕಟ್ಟಿದ್ದು ಹೆಂಗಸರು ಆಡಿ ಬದುಕಲು ಒಂದು ನೆಲೆ ಬೇಕಾಗಿದ್ದರಿಂದ. ಮೀಸಲು ವಿಭಾಗ ಇರುವುದು ರಕ್ಷಣೆಗೆ, ಮುಕ್ತ ವಿಭಾಗ ಇರುವುದು ಎಲ್ಲರಿಗೆ. ಚದುರಂಗದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಏರ್ಪಾಟು. ಜೂಡಿತ್ ಪೋಲ್ಗಾರ್ ಮುಕ್ತ ವಿಭಾಗದಲ್ಲೇ ಆಡಿ ವಿಶ್ವದ ಎಂಟನೆಯ ಸ್ಥಾನಕ್ಕೆ ಏರಿದರು. ಆದರೆ ಚದುರಂಗದ ಮಣೆಯ ಉದ್ದ ಎಲ್ಲರಿಗೂ ಒಂದೇ. ಗಾಲ್ಫ್ ಕೋರ್ಸಿಗೆ ಉದ್ದವಿದೆ, ಕಷ್ಟವೆಲ್ಲ ಅಲ್ಲೇ ಶುರುವಾಗುತ್ತದೆ.

ಅಳತೆ

ಒಂದು ಕಾಗದ ತೆಗೆದುಕೊಳ್ಳಿ. 450 ಗಜದ ಒಂದು ಪಾರ್-4 ಹೋಲ್, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು, ಬರೆಯಿರಿ. ಪಿಜಿಎ ಟೂರ್‌ನ ಆಟಗಾರ ಡ್ರೈವರ್‌ನಿಂದ ಸರಾಸರಿ 300 ಗಜದ ಹತ್ತಿರ ಹೊಡೆಯುತ್ತಾನೆ. ಅವನಿಗೆ 150 ಗಜ ಉಳಿಯುತ್ತದೆ, ಅವನ ಕೈಯಲ್ಲಿ 9 ಐರನ್, ಹತ್ತಿರದ ಹೊಡೆತದ ಚಿಕ್ಕ ಕ್ಲಬ್. ಎಲ್‌ಪಿಜಿಎ ಆಟಗಾರ್ತಿಯ ಸರಾಸರಿ 255ರ ಆಸುಪಾಸು. ನಿಮಗೆ 195 ಗಜ ಉಳಿಯುತ್ತದೆ, ನಿಮ್ಮ ಕೈಯಲ್ಲಿ 3 ವುಡ್, ದೂರದ ಹೊಡೆತದ ಉದ್ದ ಕ್ಲಬ್. ಅವನ ಕ್ಲಬ್ಬಿನ ವೇಗ ಗಂಟೆಗೆ 115 ಮೈಲಿಯ ಸುತ್ತ, ನಿಮ್ಮದು 95ರ ಸುತ್ತ. ಇದು ತಾಳ್ಮೆಯಿಂದಲೋ ಛಲದಿಂದಲೋ ತುಂಬಿಕೊಳ್ಳುವ ಅಂತರವಲ್ಲ.

ಜನ ಇದನ್ನು 45 ಗಜದ ವ್ಯತ್ಯಾಸ ಎಂದು ಓದುತ್ತಾರೆ. ನಾನೂ ಹಾಗೆಯೇ ಓದಿದ್ದೆ, ತಪ್ಪು ನನ್ನದು. ನಿಜವಾದ ವ್ಯತ್ಯಾಸ ಇರುವುದು ಚೆಂಡು ಗ್ರೀನ್ ಮೇಲೆ ಬೀಳುವ ರೀತಿಯಲ್ಲಿ. 9 ಐರನ್‌ನ ಚೆಂಡು ಎತ್ತರಕ್ಕೆ ಹೋಗಿ, ಸ್ಪಿನ್ ತುಂಬಿಕೊಂಡು, ಕಡಿದಾಗಿ ಇಳಿದು, ಬಿದ್ದಲ್ಲೇ ನಿಲ್ಲುತ್ತದೆ. 3 ವುಡ್‌ನ ಚೆಂಡು ತಗ್ಗಾಗಿ ಬಂದು ಓಡುತ್ತದೆ. ಪುರುಷರ ಪಂದ್ಯಾವಳಿಯಲ್ಲಿ ಗ್ರೀನ್‌ಗಳನ್ನು ಗಟ್ಟಿಯಾಗಿ, ವೇಗವಾಗಿ ಇಡುತ್ತಾರೆ. ಕುಳಿಯನ್ನು ಅಂಚಿನಿಂದ ನಾಲ್ಕೈದು ಹೆಜ್ಜೆ ಒಳಗೆ, ಮರಳು ತುಂಬಿದ ಬಂಕರಿನ ಹಿಂದೆ ಕೊರೆಯುತ್ತಾರೆ. ಆ ಗ್ರೀನ್ ಸಿದ್ಧವಾಗಿರುವುದು 9 ಐರನ್‌ಗೆ. ನನ್ನ ಶಿಷ್ಯೆ ಅಂದು ಎರಡನೆಯ ಹೋಲಿನಲ್ಲಿ ಹೊಡೆದ 3 ವುಡ್ ಹೊಡೆತ ಅವಳ ಆ ವರ್ಷದ ಅತ್ಯುತ್ತಮ ಹೊಡೆತ. ಚೆಂಡು ಗ್ರೀನಿನ ಮುಂಭಾಗಕ್ಕೆ, ಧ್ವಜದ ನೇರಕ್ಕೆ ಬಿತ್ತು. ನಾನು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅದು ಹಿಂಬದಿಯಿಂದ ಇಳಿದು ರಫ್‌ನ ಉದ್ದ ಹುಲ್ಲು ಸೇರಿತ್ತು. ಬೋಗಿ, ಪಾರ್‌ಗಿಂತ ಒಂದು ಹೊಡೆತ ಹೆಚ್ಚು. ಅವಳು ನನ್ನ ಮುಖ ನೋಡಿದಳು. ಎಲ್ಲಿ ತಪ್ಪಿದೆ ಎಂದು ಅವಳು ಹುಡುಕುತ್ತಿದ್ದಳು, ಅವಳು ತಪ್ಪಿರಲೇ ಇಲ್ಲ.

ಆದ್ದರಿಂದ ಕೋರ್ಸಿನ ಒಟ್ಟು ಉದ್ದ ನೋಡಿ ನಿರ್ಧರಿಸಬೇಡಿ. ಹದಿನೆಂಟು ಹೋಲ್‌ಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ನಿಮ್ಮ ಸರಾಸರಿ ಡ್ರೈವ್ ಕಳೆದು, ಎರಡನೆಯ ಹೊಡೆತಕ್ಕೆ ಯಾವ ಕ್ಲಬ್ ಬರುತ್ತದೆ ಎಂದು ಬರೆಯಿರಿ. ಸರಾಸರಿಯನ್ನೇ ಬರೆಯಿರಿ, ಗಾಳಿ ಬೆನ್ನಿಗಿದ್ದ ದಿನದ ಡ್ರೈವ್ ಬೇಡ. ಪಾರ್-4ಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಕಡೆ ವುಡ್ ಬಂದರೆ ನಾನು ಬೇಡ ಎನ್ನುತ್ತೇನೆ. ಇದು ನನ್ನ ಅನುಭವದ ಗೆರೆ, ಯಾವ ಗ್ರಂಥದ್ದೂ ಅಲ್ಲ. ನಮ್ಮದು 7,150 ಗಜದ ಕೋರ್ಸ್, ಅವಳಿಗೆ ಏಳು ಕಡೆ ವುಡ್ ಬಂದಿತ್ತು, ಆದರೂ ಹೋದೆವು. ಈಗಾಗಿದ್ದರೆ ಬೇರೆ ಕೋರ್ಸಿಗಾಗಿ ಕಾಯುತ್ತಿದ್ದೆ.

ಬಂಕರುಗಳನ್ನೂ ಅಳೆಯಿರಿ. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಇತ್ತೀಚೆಗೆ ತಿದ್ದಿದ ಕೋರ್ಸುಗಳಲ್ಲಿ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ) ಬಂಕರುಗಳು 290ರಿಂದ 320 ಗಜದ ನಡುವೆ ಇದ್ದರೆ ಅವು ನಿಮಗೆ ತಾಗುವುದೇ ಇಲ್ಲ, ನಿಮ್ಮ ಫೇರ್‌ವೇ ಅವರದಕ್ಕಿಂತ ಅಗಲವಾಗುತ್ತದೆ. ಹಳೆಯ ಕೋರ್ಸಿನ ಬಂಕರು 250ರಲ್ಲಿದ್ದರೆ ಗಂಡಸರು ಅದರ ಮೇಲೆ ಹಾರಿಸಿಕೊಂಡು ಹೋಗುತ್ತಾರೆ, ನೀವು ಅದರೊಳಗೆ ಬೀಳುತ್ತೀರಿ. ಕಾಗದದಲ್ಲಿ ಚಿಕ್ಕದಾಗಿ ಕಾಣುವ ಹಳೆಯ ಕೋರ್ಸು ಹೀಗೆ ಕೈ ಕೊಡಬಹುದು.

ಕೋರ್ಸ್ ಆರಿಸುವುದು

ಸೋರೆನ್‌ಸ್ಟಾಮ್ ಇದರಲ್ಲಿ ಎಲ್ಲರಿಗೂ ಪಾಠ. 2002ರಲ್ಲಿ ಎಲ್‌ಪಿಜಿಎಯಲ್ಲಿ 11 ಪಂದ್ಯಾವಳಿ ಗೆದ್ದಿದ್ದ ಅವರಿಗೆ ಎಲ್ಲಿಂದ ಬೇಕಾದರೂ ಆಹ್ವಾನ ಬರುವಂತಿತ್ತು. ಆರಿಸಿಕೊಂಡದ್ದು ಟೆಕ್ಸಸ್‌ನ ಫೋರ್ಟ್ ವರ್ತ್‌ನ ಕಲೋನಿಯಲ್. ತಿರುವುಗಳ, ಮರಗಳ ನಡುವಿನ, ಟೂರ್‌ನ ಲೆಕ್ಕಕ್ಕೆ ಉದ್ದವಲ್ಲದ ಹಳೆಯ ಕೋರ್ಸ್. ದೂರಕ್ಕಿಂತ ನೇರಕ್ಕೆ ಬೆಲೆ ಕೊಡುವಂಥದ್ದು. 2003ರ ಮೇ 22ರಂದು ಮೊದಲ ಸುತ್ತಿನಲ್ಲಿ 14ರಲ್ಲಿ 13 ಫೇರ್‌ವೇ, 18ರಲ್ಲಿ 14 ಗ್ರೀನ್ ಹಿಡಿದರು. ಇಷ್ಟು ಚೆನ್ನಾಗಿ ಹೊಡೆದೂ ಸ್ಕೋರ್ 71, ಪಾರ್‌ಗಿಂತ ಒಂದು ಹೆಚ್ಚು, ಏಕೆಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ, ಅಂದರೆ ಪಟ್, 33 ಬೇಕಾದವು. ಮರುದಿನ 74. ನಾಲ್ಕು ಹೊಡೆತಗಳಿಂದ ಕಟ್ ತಪ್ಪಿತು. ಅಂದರೆ ಮೊದಲ ಎರಡು ದಿನಗಳಾದ ಮೇಲೆ ಉಳಿಸಿಕೊಳ್ಳುವವರ ಪಟ್ಟಿಯಲ್ಲಿ ಅವರಿರಲಿಲ್ಲ.

ಆ 33 ಪಟ್‌ಗಳನ್ನು ಟೀಕಾಕಾರರು ಭಯ ಎಂದರು. ನಾನು ಅದನ್ನು ಅಳತೆಯಿಂದಲೇ ಓದುತ್ತೇನೆ. ಉದ್ದದ ಕ್ಲಬ್ಬಿನಿಂದ ಗ್ರೀನ್ ಹಿಡಿದರೆ ಚೆಂಡು ಕುಳಿಯಿಂದ ದೂರ ನಿಲ್ಲುತ್ತದೆ, ದೂರದಿಂದ ಪಟ್ ಹೆಚ್ಚಾಗುತ್ತದೆ. ಒತ್ತಡ ಇರಲಿಲ್ಲ ಎಂದಲ್ಲ. ಎಲ್ಲವನ್ನೂ ಒತ್ತಡದ ಖಾತೆಗೆ ಬರೆಯುವುದು ಅನ್ಯಾಯ. ಅವರು ಮತ್ತೆ ಪಿಜಿಎ ಟೂರ್‌ಗೆ ಬರಲಿಲ್ಲ. ತನ್ನ ಟೂರ್‌ಗೆ ಮರಳಿ ಅದೇ ವರ್ಷ ಎಲ್‌ಪಿಜಿಎ ಚಾಂಪಿಯನ್‌ಷಿಪ್ ಮತ್ತು ಮಹಿಳೆಯರ ಬ್ರಿಟಿಷ್ ಓಪನ್ ಗೆದ್ದರು.

ಮಿಷೆಲ್ ವೀ ಅವರದು ಇನ್ನೊಂದು ತುದಿ. 2004ರಲ್ಲಿ ಹವಾಯಿಯ ಸೋನಿ ಓಪನ್‌ನಲ್ಲಿ 14 ವರ್ಷದ ಹುಡುಗಿ 72 ಮತ್ತು 68 ಹೊಡೆದು ಒಂದೇ ಹೊಡೆತದಿಂದ ಕಟ್ ಕಳೆದುಕೊಂಡಳು. ಆ ಎರಡನೆಯ ದಿನದ ಆಟವನ್ನು ನೆನೆದರೆ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಅದೂ ಸೇರಿ 2008ರವರೆಗೆ ಒಟ್ಟು ಎಂಟು ಸಲ ಪಿಜಿಎ ಟೂರ್‌ನಲ್ಲಿ ಆಡಿದರು, ಒಂದು ಸಲವೂ ಕಟ್ ದಾಟಲಿಲ್ಲ. 2006ರಲ್ಲಿ ದಕ್ಷಿಣ ಕೊರಿಯಾದ ಎಸ್‌ಕೆ ಟೆಲಿಕಾಂ ಓಪನ್‌ನಲ್ಲಿ ಮಾತ್ರ ಗಂಡಸರ ನಡುವೆ ಕಟ್ ದಾಟಲು ಸಾಧ್ಯವಾಯಿತು. ಒಂದು ಪ್ರಯತ್ನ ಕಲಿಕೆ. ಕಲಿತದ್ದನ್ನು ಜೀರ್ಣಿಸಿಕೊಳ್ಳುವ ಮೊದಲೇ ಮತ್ತೆ ಮತ್ತೆ ಹೋದರೆ, ಪ್ರತಿ ಸಲವೂ ಅದೇ ಗೆರೆಯ ಕೆಳಗೆ ಬೀಳುವುದು ಎಳೆಯ ಮನಸ್ಸಿಗೆ ಅಭ್ಯಾಸವಾಗಿಬಿಡುತ್ತದೆ. ನಿಮಗೆ ಇನ್ನೂ ಹದಿನೆಂಟು ತುಂಬಿಲ್ಲದಿದ್ದರೆ ದಯವಿಟ್ಟು ಕಾಯಿರಿ.

ಪಿಜಿಎ ಟೂರ್‌ನಲ್ಲಿ ಕಟ್ ದಾಟಿದ ಹೆಂಗಸು ಇಂದಿಗೂ ಒಬ್ಬರೇ, ಬೇಬ್ ಡಿಡ್ರಿಕ್ಸನ್ ಜಹರಿಯಾಸ್. 1932ರ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಮತ್ತು ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದವರು. 1938ರ ಲಾಸ್ ಏಂಜಲಿಸ್ ಓಪನ್‌ನಲ್ಲಿ 81 ಮತ್ತು 84 ಹೊಡೆದು ಸೋತರು. ಏಳು ವರ್ಷ ಬಿಟ್ಟು, 1945ರಲ್ಲಿ ಅರ್ಹತಾ ಸುತ್ತು ಆಡಿ ಅದೇ ಪಂದ್ಯಾವಳಿಗೆ ಮರಳಿ ಕಟ್ ದಾಟಿದರು. ಅದೇ ವರ್ಷ ಫೀನಿಕ್ಸ್ ಮತ್ತು ಟೂಸಾನ್‌ಗಳಲ್ಲಿ ನಾಲ್ಕು ಸುತ್ತನ್ನೂ ಪೂರೈಸಿದರು. ಆ ಏಳು ವರ್ಷಗಳ ಅಂತರವನ್ನು ಗಮನಿಸಿ ಎಂದು ನಾನು ಪ್ರತಿ ಹುಡುಗಿಗೂ ಹೇಳುತ್ತೇನೆ.

ಚೀಲದಲ್ಲಿ ಏನಿರಬೇಕು

ಉದ್ದದ ಐರನ್‌ಗಳನ್ನು ಹೊರಗಿಡಿ. 7 ವುಡ್ ಹಾಕಿಕೊಳ್ಳಿ, ಹೊಂದುವುದಾದರೆ 9 ವುಡ್ ಕೂಡ. ಎತ್ತರಕ್ಕೆ ಹೋಗಿ ಮೆತ್ತಗೆ ಇಳಿಯುವ ಕ್ಲಬ್ ಬೇಕು. ಎರಡು ತಿಂಗಳ ಮುಂಚೆ ಅಭ್ಯಾಸ ಶುರುವಾಗಲಿ: ದಿನಕ್ಕೆ 60 ಚೆಂಡು, 170ರಿಂದ 190 ಗಜ, ಗುರಿ ಧ್ವಜವಲ್ಲ, ಗ್ರೀನಿನ ನಡುಭಾಗ. ಉಳಿದ ಸಮಯವೆಲ್ಲ ಗ್ರೀನ್ ಸುತ್ತ ಕಳೆಯಿರಿ. ನೀವು ಹಲವು ಗ್ರೀನ್‌ಗಳನ್ನು ತಪ್ಪಿಸಿಕೊಳ್ಳುತ್ತೀರಿ, ಇದನ್ನು ಮೊದಲೇ ಒಪ್ಪಿಕೊಳ್ಳಿ. ಹಾಗಾದಾಗ ಪಾರ್ ಉಳಿಸುವುದು ಎಂಟು ಅಡಿಯ ಪಟ್. ನೂರು ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಪಟ್ ಅಭ್ಯಾಸ ಮಾಡುವುದಕ್ಕಿಂತ, ಗ್ರೀನ್ ಅಂಚಿನಿಂದ ಚಿಕ್ಕ ಹೊಡೆತದಲ್ಲಿ ಚಿಪ್ ಮಾಡಿ ಆ ಎಂಟು ಅಡಿಯನ್ನು ಮುಗಿಸುವುದನ್ನು ಮೂವತ್ತು ಸಲ ಮಾಡಿ.

ಪಾರ್-5ಗಳಲ್ಲಿ ಎರಡನೆಯ ಹೊಡೆತಕ್ಕೆ ಗ್ರೀನ್ ಮುಟ್ಟುವ ಆಸೆ ಬಿಡಿ. ಮೂರನೆಯ ಹೊಡೆತಕ್ಕೆ ನಿಮಗೆ ಇಷ್ಟವಾದ ವೆಡ್ಜ್ (ತೀರ ಹತ್ತಿರದ ಹೊಡೆತದ ಕ್ಲಬ್) ದೂರ ಉಳಿಯುವಂತೆ ಆಡಿ. ಇಡೀ ಕೋರ್ಸಿನಲ್ಲಿ ನಿಮ್ಮ ಕೈಯಲ್ಲೂ ಅವರ ಕೈಯಲ್ಲೂ ಒಂದೇ ಕ್ಲಬ್ ಇರುವ ಜಾಗ ಅದೇ. ನನ್ನ ಶಿಷ್ಯೆಯ ಮೂರು ಬರ್ಡಿಗಳಲ್ಲಿ ಎರಡು ಬಂದದ್ದು ಅಲ್ಲಿ.

ಆಟದ ದಿನ

ಬಟ್ಟೆ ಬದಲಿಸುವ ಕೋಣೆ ಎಲ್ಲಿ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ನಮಗೆ ತೋರಿಸಿದ ಹೆಂಗಸರ ಕೋಣೆ ಕ್ಲಬ್ ಕಟ್ಟಡದ ಇನ್ನೊಂದು ತುದಿಯಲ್ಲಿತ್ತು, ಬೀಗ ಹಾಕಿತ್ತು. ಕೀಲಿ ಹುಡುಕುವುದರಲ್ಲಿ ಅಭ್ಯಾಸದ ಇಪ್ಪತ್ತು ನಿಮಿಷ ಹೋಯಿತು.

ಫೇರ್‌ವೇಯಲ್ಲಿ ಕುಳಿಯಿಂದ ದೂರ ಇರುವವರು ಮೊದಲು ಹೊಡೆಯಬೇಕು. ಇದರ ಅರ್ಥ, ದಿನವಿಡೀ ನೀವೇ ಮೊದಲು. ಗಾಳಿ ಏನು ಮಾಡುತ್ತದೆ, ಗ್ರೀನ್ ಹೇಗೆ ಹಿಡಿಯುತ್ತದೆ ಎಂಬುದನ್ನು ಇನ್ನೊಬ್ಬರ ಚೆಂಡು ನೋಡಿ ಕಲಿಯುವ ಅವಕಾಶ ನಿಮಗಿಲ್ಲ. ಇದಕ್ಕೆ ಮದ್ದು ಕ್ಯಾಡಿ. ಮುಂದಿನ ಗುಂಪಿನ ಚೆಂಡುಗಳು ಗ್ರೀನ್ ಮೇಲೆ ಹೇಗೆ ನಿಲ್ಲುತ್ತಿವೆ ಎಂದು ಅವರು ನೋಡುತ್ತಿರಲಿ. ಹೊಡೆದ ಮೇಲೆ ಪಕ್ಕದವನ ಕೈಯ ಕ್ಲಬ್ ನೋಡಬೇಡಿ. ಅವನ ವೆಡ್ಜ್ ಕಂಡರೆ ಮುಂದಿನ ಟೀಯಲ್ಲಿ ನಿಮ್ಮ ಕೈ ತಾನಾಗಿ ಬಿಗಿಯಾಗುತ್ತದೆ, ದೂರ ಹೊಡೆಯಬೇಕೆನಿಸುತ್ತದೆ, ಚೆಂಡು ಮರ ಸೇರುತ್ತದೆ.

ನಾಲ್ಕು ದಿನಗಳ ಪಂದ್ಯಾವಳಿಯಾದರೆ ಇನ್ನೊಂದು ಮಾತು. 2018ರಲ್ಲಿ ಬ್ರಿಟನಿ ಲಿನ್ಸಿಕೋಮ್ ಬಾರ್ಬಸಾಲ್ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ದಿನ 78, ಎರಡನೆಯ ದಿನ 71 ಹೊಡೆದರು. 2023ರಲ್ಲಿ ಲಾಸ್ ವೇಗಸ್‌ನಲ್ಲಿ ಲೆಕ್ಸಿ ಥಾಂಪ್ಸನ್ 73, ಆಮೇಲೆ 69. ಹದಿನಾಲ್ಕರ ವೀ ಕೂಡ ಎರಡನೆಯ ದಿನವೇ ಉತ್ತಮ. ಎಲ್ಲರಿಗೂ ಹೀಗಾಗಿಲ್ಲ, ಆದರೂ ಮೂವರದು ಸಾಕಷ್ಟು ಹೇಳುತ್ತದೆ. ಕ್ಯಾಮೆರಾ, ಜನ, ಹೊಸ ಅಳತೆ ಎಲ್ಲವೂ ಮೊದಲ ದಿನವೇ ಒಟ್ಟಿಗೆ ಮೇಲೆ ಬೀಳುತ್ತವೆ. ಮೂರು ದಿನ ಮುಂಚೆ ಹೋಗಿ, ಆಡಬೇಕಾದ ಟೀಗಳಿಂದಲೇ ಎರಡು ಪೂರ್ಣ ಸುತ್ತು ಸ್ಕೋರ್ ಬರೆದು ಆಡಿ. ಸಂದರ್ಶನಗಳನ್ನೆಲ್ಲ ಒಂದೇ ಮಧ್ಯಾಹ್ನಕ್ಕೆ ಕಟ್ಟಿಹಾಕಿ.

ಮುಗಿದ ಮೇಲೆ

ಕಟ್ ಒಂದರಿಂದಲೇ ಅಳೆದುಕೊಳ್ಳಬೇಡಿ. ಎಲ್ಲಿ ಎಷ್ಟು ಹೊಡೆತ ಕಳೆದುಹೋಯಿತು ಎಂದು ಆ ರಾತ್ರಿಯೇ ಬರೆಯಿರಿ: ಟೀಯಲ್ಲಿ, ಎರಡನೆಯ ಹೊಡೆತದಲ್ಲಿ, ಗ್ರೀನ್ ಸುತ್ತ, ಪಟ್‌ನಲ್ಲಿ. ನಮ್ಮದು 74 ಆಯಿತು, ಒಳಗೆ ಹೋಗಲು 67 ಬೇಕಿತ್ತು. ಆ ಏಳರಲ್ಲಿ ಐದನ್ನು ಎರಡನೆಯ ಹೊಡೆತವೇ ತಿಂದಿತ್ತು. ಚಿಪ್ ಮತ್ತು ಪಟ್‌ನಲ್ಲಿ ಅವಳು ಜೊತೆಗಾರರಿಬ್ಬರಿಗಿಂತ ಮೇಲಿದ್ದಳು. ಅದನ್ನು ತೋರಿಸಿದಾಗ ಅವಳು ಬಹಳ ಹೊತ್ತು ಆ ಕಾಗದ ಹಿಡಿದುಕೊಂಡು ಕುಳಿತಿದ್ದಳು.

ಅಳತೆಯನ್ನು ಸರಿದೂಗಿಸಿದರೆ ಏನಾಗುತ್ತದೆ ಎಂಬುದಕ್ಕೂ ಈಗ ಸಾಕ್ಷಿ ಇದೆ. 2022ರಲ್ಲಿ ಸ್ವೀಡನ್ನಿನ ಸ್ಕ್ಯಾಂಡಿನೇವಿಯನ್ ಮಿಕ್ಸ್‌ಡ್‌ನಲ್ಲಿ ಗಂಡಸರು ಹಿಂದಿನ ಟೀಗಳಿಂದ, ಹೆಂಗಸರು ಮುಂದಿನ ಟೀಗಳಿಂದ ಆಡಿದರು; ಬಹುಮಾನ ಒಂದೇ, ಪಟ್ಟಿ ಒಂದೇ. ಲಿನ್ ಗ್ರಾಂಟ್ ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದರು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಹ್ಯಾನಾ ಗ್ರೀನ್ ಕೂಡ ಇಂಥದೇ ಮಿಶ್ರ ಪಂದ್ಯಾವಳಿ ಗೆದ್ದರು. ನಿಮ್ಮ ಪಟ್ಟಿಯಲ್ಲಿ ವುಡ್‌ಗಳು ಹೆಚ್ಚು ಬಂದಿದ್ದರೆ ಮೊದಲು ಇಂಥ ಪಂದ್ಯಾವಳಿ ಹುಡುಕಿ. ಆದರೆ ಇದು ಇದೆಯಲ್ಲ, ಇನ್ನು ಪುರುಷರ ಪಂದ್ಯಾವಳಿಯ ಬಾಗಿಲು ಮುಚ್ಚಬಹುದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದಿನ ಟೀಯಲ್ಲಿ ನಿಂತು ನೋಡಬೇಕೆನ್ನುವ ಹುಡುಗಿಗೆ ಆ ಟೀ ಸಿಗಲೇಬೇಕು.

ನನ್ನ ಶಿಷ್ಯೆ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ, ಬೇರೆ ಪಂದ್ಯಾವಳಿಗೆ. ಕೋರ್ಸ್ 6,900 ಗಜ. ಪಟ್ಟಿ ಅವಳೇ ಮಾಡಿಕೊಂಡು ಬಂದಿದ್ದಳು. ವುಡ್ ಬರುವುದು ಮೂರು ಕಡೆ.